ನೋಟ ಮತ್ತು ಅರಿವು: ಪುರವರ್ಣನೆಯಿಂದ ವಸ್ತುಸಂಗ್ರಹಾಲಯದವರೆಗೆ

೧

ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ನಗರಕ್ಕೆ ಮೊದಲ ಸ್ಥಾನ. ಕೋಟೆ ಕೊತ್ತಲಗಳು, ಅಗಳು, ಗೋಪುರ, ರತ್ನದ ಅಂಗಡಿಗಳ ಸಾಲು, ಹೂವಿನ ಸಂತೆ, ಸೂಳೆಗೇರಿ, ಅರಮನೆ ಎಂಬ ಕ್ರಮದಲ್ಲಿ ಕವಿಯು ಓದುಗನನ್ನು ಕೈಹಿಡಿದು ನಡೆಸುತ್ತಾನೆ. ಚಂಪೂ ಕಾವ್ಯಗಳನ್ನು ಓದಿದ ವಿದ್ಯಾರ್ಥಿಗಳಿಗೆ ಈ ದಾರಿ ಚಿರಪರಿಚಿತ. ಎಷ್ಟು ಪರಿಚಿತವೆಂದರೆ, ಒಂದು ಕಾವ್ಯದ ಪುರವನ್ನು ಕಿತ್ತು ಇನ್ನೊಂದರಲ್ಲಿ ನೆಟ್ಟರೂ ಹೆಚ್ಚಿನ ಬಾಧಕವಿಲ್ಲವೆಂದು ತೋರುವಷ್ಟು! ಹಸ್ತಿನಾವತಿಯ ಮುತ್ತೂ ಅಯೋಧ್ಯೆಯ ಮುತ್ತೂ ಒಂದೇ ಅಂಗಡಿಯಿಂದ ಬಂದಂತೆ ಹೊಳೆಯುತ್ತವೆ. ವರ್ಣನೆ ಸಮೃದ್ಧವಾಗಿದ್ದರೂ ನೋಡುವ ಕಣ್ಣು ಯಾರದೆಂಬುದು ಅಲ್ಲಿ ಅಸ್ಪಷ್ಟ.

ಇಂದಿನ ಪ್ರವಾಸಕಥನಗಳಿಗೂ ಇದೇ ದೋಷ ಅಂಟಿಕೊಂಡಿದೆಯೆಂದರೆ ತಪ್ಪಾಗಲಾರದು. ಶಾಲಾ ಕಾಲೇಜುಗಳ ಶೈಕ್ಷಣಿಕ ಪ್ರವಾಸ ಮುಗಿಸಿ ಬಂದ ವಿದ್ಯಾರ್ಥಿಗಳು ವಾರ್ಷಿಕ ಸಂಚಿಕೆಗೆ ಬರೆದುಕೊಡುವ ಲೇಖನಗಳಲ್ಲಿ ಬಸ್ಸು ಹೊರಟ ಹೊತ್ತು, ಉಪಾಹಾರ ಮಾಡಿದ ಊರು, ನೋಡಿದ ಸ್ಥಳಗಳ ಯಾದಿ, ಕೊನೆಗೆ ಕಣ್ಮನ ತಣಿದವೆಂಬ ಒಂದು ವಾಕ್ಯ ಇರುತ್ತವೆ. ಹೆಸರಾಂತ ಲೇಖಕರ ಗ್ರಂಥಗಳಲ್ಲಿಯೂ ವಸ್ತುಸಂಗ್ರಹಾಲಯದ ಪ್ರಸಂಗ ಬಂದೊಡನೆ ಬರವಣಿಗೆ ಪಟ್ಟಿಯಾಗಿಬಿಡುವುದುಂಟು. ಹಳೆಯ ಕವಿಯ ರತ್ನದಂಗಡಿಯ ಜಾಗದಲ್ಲಿ ಗಾಜಿನ ಪೆಟ್ಟಿಗೆ ಬಂದಿದೆ. ಪಟ್ಟಿ ಹಾಗೆಯೇ ಉಳಿದಿದೆ. ಮಹಾನಗರದ ನೋಟಗಳನ್ನು ಕಾಣುವ ಬಗೆ ಯಾವುದು, ಕಂಡದ್ದು ಅರಿವಾಗಿ ಪರಿಣಮಿಸಲು ಏನು ಬೇಕು ಎಂಬ ಪ್ರಶ್ನೆಯನ್ನು ಶರಣಸಾಹಿತ್ಯದ ಬೆಳಕಿನಲ್ಲಿ ಎತ್ತಿಕೊಳ್ಳುವುದು ಉಚಿತ. ಏಕೆಂದರೆ ನೋಟವನ್ನೇ ಸಾಧನೆಯನ್ನಾಗಿ ಮಾಡಿಕೊಂಡ ಪರಂಪರೆ ಅದು.

೨

ಪುರವರ್ಣನೆಯ ಜಾಡು ಎಲ್ಲಿ ಮುರಿಯುತ್ತದೆ ಎಂಬುದನ್ನು ಮೊದಲು ಗುರುತಿಸಬೇಕು. ಹರಿಹರನು ‘ಗಿರಿಜಾಕಲ್ಯಾಣ’ದಲ್ಲಿ ಚಂಪೂವಿನ ಮರ್ಯಾದೆಯನ್ನು ಪಾಲಿಸಿದವನು. ಆದರೆ ರಗಳೆಗಳಿಗೆ ಬಂದಾಗ ಆತನ ದೃಷ್ಟಿ ಬೇರೆಯಾಯಿತು. ಅಲ್ಲಿ ಊರು ಇರುವುದು ಭಕ್ತನು ನಡೆಯಲಿಕ್ಕಾಗಿ. ಅವನ ಹೆಜ್ಜೆ ಬೀಳದ ಬೀದಿಯನ್ನು ಬಣ್ಣಿಸುವ ಅವಸರ ಕವಿಗಿಲ್ಲ.

ಆತನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಕಾಶಿಯು ಭಾರತೀಯರಿಗೆಲ್ಲ ನೋಡಲೇಬೇಕಾದ ಮಹಾನಗರ. ಆ ಕಾಶಿಯ ಬೀದಿಯಲ್ಲಿ ಅಯೋಧ್ಯೆಯ ಅರಸು ತನ್ನ ಸತಿಯನ್ನೂ ಸುತನನ್ನೂ ಮಾರುತ್ತಾನೆ. ಕೊನೆಗೆ ತನ್ನನ್ನೂ ಮಾರಿಕೊಳ್ಳುತ್ತಾನೆ. ಅಂಗಡಿಗಳನ್ನು ನೋಡುತ್ತ ಸಾಗುವವನ ಪುರವರ್ಣನೆಗೂ ಅದೇ ಅಂಗಡಿಬೀದಿಯಲ್ಲಿ ತಾನೇ ಸರಕಾಗಿ ನಿಂತವನ ಪುರದರ್ಶನಕ್ಕೂ ಅಜಗಜಾಂತರವಿದೆ. ರಾಘವಾಂಕನ ಕಾಶಿ ಓದುಗನ ಮನಸ್ಸಿನಲ್ಲಿ ಉಳಿಯುವುದು ಅದರ ಗೋಪುರಗಳಿಂದಲ್ಲ. ಅಲ್ಲಿ ಬೆಲೆ ತೆತ್ತವನೊಬ್ಬನಿದ್ದಾನೆ ಎಂಬುದರಿಂದ. ನಗರದ ಯಾವ ನೋಟಕ್ಕಾದರೂ ಯಾರೋ ಬೆಲೆ ತೆತ್ತಿರುತ್ತಾರೆ. ಆ ಬೆಲೆಯ ಎಚ್ಚರ ಇರುವಲ್ಲಿ ವರ್ಣನೆ ಕಾವ್ಯವಾಗುತ್ತದೆ. ಇಲ್ಲದಲ್ಲಿ ಅಲಂಕಾರವಾಗಿ ನಿಲ್ಲುತ್ತದೆ. ಈ ಒರೆಗಲ್ಲನ್ನು ವಸ್ತುಸಂಗ್ರಹಾಲಯಕ್ಕೂ ಹಚ್ಚಿ ನೋಡಬಹುದು.

೩

ಗಂಗಾವತಿ ತಾಲೂಕಿನ ಹೇಮಗುಡ್ಡದಿಂದ ನೋಡಿದರೆ ‘ದೊಡ್ಡ ಪಟ್ಟಣ’ವೆಂಬ ಮಾತಿಗೆ ಬಹುಕಾಲ ಒಂದೇ ಅರ್ಥವಿತ್ತು: ಹೈದರಾಬಾದು. ೧೯೪೮ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯ ಅಂಗವಾಗಿ ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ರಾಜಧಾನಿ ಬೆಂಗಳೂರಾದ ಮೇಲೆಯೂ ಚಾರಮಿನಾರು, ಗೋಲಕೊಂಡೆ, ಸಾಲಾರ್ ಜಂಗ್ ಮ್ಯೂಸಿಯಂಗಳ ಹೆಸರು ಈ ಭಾಗದ ಪ್ರವಾಸದ ಯಾದಿಯಿಂದ ಅಳಿಸಿಹೋಗಲಿಲ್ಲ.

ಮೂಸಿ ನದಿಯ ದಕ್ಷಿಣ ದಂಡೆಯ ಆ ಮ್ಯೂಸಿಯಂ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರ (೧೮೮೯–೧೯೪೯) ಸಂಗ್ರಹದಿಂದ ರೂಪುಗೊಂಡದ್ದು. ಅವರ ನಿಧನಾನಂತರ ೧೯೫೧ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು. ೧೯೬೧ರ ಶಾಸನದಿಂದ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ೧೯೬೮ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು. ದಂತದ ಕುರ್ಚಿಗಳು, ಹಸಿರುಶಿಲೆಯ ಹಿಡಿಯುಳ್ಳ ಕಠಾರಿಗಳು, ಪಾರಸಿ ಹಸ್ತಪ್ರತಿಗಳು, ಯುರೋಪಿನ ಶಿಲ್ಪಗಳು ಅಲ್ಲಿ ತುಂಬಿವೆ. ಗಂಟೆ ತುಂಬುವ ಹೊತ್ತಿಗೆ ಜನರೆಲ್ಲ ಒಂದು ಗಡಿಯಾರದ ಮುಂದೆ ನೆರೆಯುತ್ತಾರೆ. ಅದರೊಳಗಿಂದ ಪುಟ್ಟ ಆಕೃತಿಯೊಂದು ಹೊರಬಂದು ಗಂಟೆ ಬಾರಿಸಿ ಒಳಸರಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಜನಸಮೂಹ ಚದುರುತ್ತದೆ.

ಹೇಮಗುಡ್ಡದ ನೆರೆಯ ಕೊಪ್ಪಳ ಮತ್ತು ಯಲಬುರ್ಗಾ ಸೀಮೆಗಳು ಇದೇ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಮಳೆಯನ್ನೇ ನಂಬಿದ ಆ ಎರೆ ಮತ್ತು ಮಸಾರಿ ನೆಲಗಳ ಜೋಳದ ರೈತನು ತೆತ್ತ ಕಂದಾಯವೂ ಆ ಮನೆತನದ ಬೊಕ್ಕಸಕ್ಕೆ ಸೇರುತ್ತಿತ್ತು. ಆ ಬೊಕ್ಕಸದಿಂದಲೇ ಈ ಸಂಗ್ರಹ ಬೆಳೆಯಿತು. ಎಂದಮೇಲೆ ಕೊಪ್ಪಳದ ಕಡೆಯಿಂದ ಬಂದ ವಿದ್ಯಾರ್ಥಿಯು ಆ ಗಡಿಯಾರದ ಮುಂದೆ ಪರಕೀಯ ಪ್ರೇಕ್ಷಕನಲ್ಲ. ಅವನ ಮುತ್ತಜ್ಜನ ಹೊಲದ ಒಂದು ಸೇರು ಜೋಳ ಆ ಚಕ್ರಗಳಲ್ಲಿ ಎಲ್ಲೋ ಸೇರಿಕೊಂಡಿರಬಹುದು.

ಅಲ್ಲಿಯ ಅತ್ಯಂತ ಪ್ರಸಿದ್ಧ ಶಿಲ್ಪ ‘ಮುಸುಕಿನ ರೆಬೆಕ್ಕಾ’. ಇಟಲಿಯ ಶಿಲ್ಪಿ ಬೆಂಜೋನಿಯ ಹೆಸರಿನ ಈ ಅಮೃತಶಿಲೆಯ ಸ್ತ್ರೀಮೂರ್ತಿಯ ಮುಖದ ಮೇಲೆ ಕಲ್ಲಿನಲ್ಲಿಯೇ ಕಡೆದ ತೆಳುವಾದ ಮುಸುಕಿದೆ. ಮುಸುಕಿನೊಳಗಿಂದ ಮುಖ ಕಾಣುತ್ತದೆ. ಕಲ್ಲು ಅರಿವೆಯಾಗುವ ಈ ಕೌಶಲ ಬೆರಗು ಹುಟ್ಟಿಸುವಂಥದು. ಮೊದಲನೆಯ ಸಾಲಾರ್ ಜಂಗ್ ಇದನ್ನು ಕೊಂಡದ್ದು ೧೮೭೬ರಲ್ಲಿ, ರೋಮಿನಲ್ಲಿ. ಅದೇ ೧೮೭೬ರಲ್ಲಿ ದಖ್ಖನದ ಮಹಾಕ್ಷಾಮ ಆರಂಭವಾಯಿತು. ಧಾತು ಸಂವತ್ಸರದ ಬರವೆಂದು ಕನ್ನಡನಾಡು ನೆನಪಿಟ್ಟುಕೊಂಡಿರುವ ಆ ದುರ್ಭಿಕ್ಷ ೧೮೭೮ರವರೆಗೆ ಬಳ್ಳಾರಿ, ರಾಯಚೂರು, ಧಾರವಾಡ, ಮೈಸೂರು ಸೀಮೆಗಳನ್ನು ಸುಟ್ಟಿತು. ಈ ಎರಡು ಸಂಗತಿಗಳನ್ನು ಕಾರ್ಯಕಾರಣವಾಗಿ ಹೆಣೆಯುವುದು ನ್ಯಾಯವಲ್ಲ. ಶಿಲ್ಪವನ್ನು ಕೊಂಡದ್ದರಿಂದ ಬರ ಬರಲಿಲ್ಲ. ಹೈದರಾಬಾದಿನ ಕಂದಾಯ ಆಡಳಿತವನ್ನು ಸುಧಾರಿಸಿದ ದಿವಾನರೆಂದು ಮೊದಲನೆಯ ಸಾಲಾರ್ ಜಂಗರಿಗೆ ಇತಿಹಾಸದಲ್ಲಿ ಗೌರವದ ಸ್ಥಾನವೂ ಇದೆ. ಆದರೆ ಒಂದೇ ಸಂವತ್ಸರದ ಎರಡು ಮುಖಗಳನ್ನು ಒಟ್ಟಿಗೆ ನೆನೆಯಬಲ್ಲವನಿಗೆ ಆ ಮುಸುಕು ಇನ್ನೊಂದು ಬಗೆಯಲ್ಲಿ ಕಂಡೀತು.

ವಸ್ತುವಿನ ಪಕ್ಕದ ಫಲಕವು ಸಾಮಾನ್ಯವಾಗಿ ಹೇಳುವುದು ಅದರ ಹೆಸರು, ದೇಶ, ಕಾಲಗಳನ್ನು. ಶಿಲ್ಪಿ ಪ್ರಸಿದ್ಧನಾಗಿದ್ದರೆ ಅವನ ಹೆಸರೂ ಇರುತ್ತದೆ. ದಂತ ಕೆತ್ತಿದವನು, ಕಠಾರಿಯ ಹಿಡಿ ಉಜ್ಜಿದವನು, ಇವಕ್ಕೆಲ್ಲ ಹಣ ಒದಗಿಸಿದ ಒಕ್ಕಲಿಗ—ಇವರಿಗೆ ಫಲಕದಲ್ಲಿ ಸ್ಥಳವಿಲ್ಲ. ಕಾಯಕವನ್ನೇ ಹೆಸರಿನ ಭಾಗವನ್ನಾಗಿ ಮಾಡಿಕೊಂಡ ಶರಣಪರಂಪರೆಯ ಓದುಗನಿಗೆ ಈ ಕೊರತೆ ಬೇಗನೆ ಗೋಚರಿಸಬೇಕು. ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ಬುಟ್ಟಿ, ದೋಣಿ, ಹಗ್ಗ, ಅಕ್ಕಿಗಳು ಅವುಗಳನ್ನು ಮುಟ್ಟಿದ ಕೈಗಳಿಂದ ಬೇರೆಯಾಗಿಲ್ಲ. ವಸ್ತುಸಂಗ್ರಹಾಲಯದಲ್ಲಿ ವಸ್ತುವಿಗೆ ಒಡೆಯನಿದ್ದಾನೆ, ಕಾಯಕದವನು ಕಾಣುವುದಿಲ್ಲ. ಹೀಗಿದ್ದರೂ ಇನ್ನೊಂದು ಮಾತನ್ನು ಮರೆಯಬಾರದು. ಒಬ್ಬ ಜಹಗೀರುದಾರನ ಅರಮನೆಯ ಸ್ವಂತ ಸುಖವಾಗಿದ್ದದ್ದು ೧೯೫೧ರಲ್ಲಿ ಎಲ್ಲರ ಕಣ್ಣಿಗೆ ತೆರೆಯಿತು. ಕಂದಾಯ ಕೊಟ್ಟವನ ಮೊಮ್ಮಕ್ಕಳು ಟಿಕೆಟು ಪಡೆದು ತಲೆಯೆತ್ತಿ ಒಳಗೆ ನಡೆಯಬಹುದಾಯಿತು. ಇದು ಸಣ್ಣ ಬದಲಾವಣೆಯಲ್ಲ.

೪

ಬೆಲೆಯ ಪ್ರಶ್ನೆಯ ಜೊತೆಗೆ ನೆಲೆಯ ಪ್ರಶ್ನೆಯೂ ಇದೆ. ಇದಕ್ಕೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು ಒಳ್ಳೆಯ ನಿದರ್ಶನ. ೧೮೬೫ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದಲ್ಲಿದೆ. ಅದರ ಸಂಗ್ರಹದಲ್ಲಿ ಆತಕೂರಿನ ವೀರಗಲ್ಲು ಸೇರಿದೆ. ಹತ್ತನೆಯ ಶತಮಾನದ ಮಧ್ಯದ ಆ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮರಣೆಯಿದೆ. ರಾಷ್ಟ್ರಕೂಟರು ಚೋಳರೊಡನೆ ಮಾಡಿದ ತಕ್ಕೋಲದ ಕಾಳಗದ ಸಂಗತಿಯೂ ಗಂಗರ ಬೂತುಗನಿಂದ ಮಣಲೆರನು ಪಡೆದ ಮೆಚ್ಚುಗೆಯೂ ಅದರಲ್ಲಿವೆ. ಇತಿಹಾಸಕಾರರು ಈ ಶಾಸನವನ್ನು ತಕ್ಕೋಲಕ್ಕಾಗಿ ಓದುತ್ತಾರೆ. ಪ್ರವಾಸಿಗಳು ನಾಯಿಯ ಕಥೆಗಾಗಿ ನಿಲ್ಲುತ್ತಾರೆ.

ಶೈವ ಸಾಹಿತ್ಯದ ಓದುಗನು ನಿಲ್ಲಬೇಕಾದ ಸ್ಥಳ ಬೇರೊಂದಿದೆ. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಡಲಾಗಿತ್ತು. ಅಲ್ಲಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆಯನ್ನು ಶಾಸನವೇ ವಿಧಿಸಿದೆ. ಎಂದರೆ ಆ ಕಲ್ಲು ದಿನವೂ ಒಬ್ಬನ ಹಸಿವಿಗೆ ಮುಂಚೆ ನೆನಪಾಗಬೇಕಾದದ್ದು. ಒಂದು ನಾಯಿಯ ನಿಷ್ಠೆಯನ್ನು ಒಬ್ಬ ಮನುಷ್ಯನ ನಿತ್ಯದ ತುತ್ತಿಗೆ ಕಟ್ಟಿಹಾಕಿದ ಈ ವ್ಯವಸ್ಥೆ ಎಷ್ಟು ಅಪೂರ್ವ! ಇಂದು ಕಲ್ಲಿದೆ, ಅಕ್ಷರಗಳಿವೆ. ಗೊರವನಿಲ್ಲ, ಹಸಿವಿನ ಆ ಕಟ್ಟಳೆಯಿಲ್ಲ. ನೋಡುವವನು ಮಧ್ಯಾಹ್ನದ ಊಟದ ಅವಸರದಲ್ಲಿ ಅದನ್ನು ದಾಟಿಹೋಗುತ್ತಾನೆ.

ಹಾಗಾದರೆ ಕಲ್ಲುಗಳನ್ನು ಪಟ್ಟಣಕ್ಕೆ ತಂದದ್ದು ತಪ್ಪೇ? ಈ ಪ್ರಶ್ನೆಗೆ ಆತುರದ ಉತ್ತರ ಸಲ್ಲದು. ಊರಿನಲ್ಲಿಯೇ ಉಳಿದ ಎಷ್ಟೋ ವೀರಗಲ್ಲುಗಳು ಕಟ್ಟೆಗೆ ಮೆಟ್ಟಿಲಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ, ನಿಧಿಗಳ್ಳರ ಹಾರೆಗೆ ಸಿಕ್ಕು ಒಡೆದಿವೆ. ಉಳಿಸುವುದಕ್ಕಾಗಿ ಕಿತ್ತು ತಂದವರ ಉಪಕಾರ ದೊಡ್ಡದು. ಆದರೆ ಉಳಿದದ್ದು ಪೂರ್ಣವಲ್ಲವೆಂಬ ಅರಿವು ನೋಡುವವನಲ್ಲಿರಬೇಕು. ಕಲ್ಲಿನ ಸುತ್ತ ಇದ್ದ ಊರನ್ನು ಅವನು ಮನಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳಬೇಕು. ಇದು ಕಲ್ಪನೆಯ ಕೆಲಸ, ಆದ್ದರಿಂದ ಸಾಹಿತ್ಯಾಭ್ಯಾಸಿಯ ಕೆಲಸ.

೫

ವಸ್ತುಸಂಗ್ರಹಾಲಯವನ್ನು ಕುರಿತು ಭಕ್ತರಲ್ಲಿ ಕೆಲವರು ಆಡುವ ಆಕ್ಷೇಪವೊಂದಿದೆ. ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಎತ್ತಿಹಿಡಿದರು. ಹಳೆಯ ಕಲ್ಲು ಲೋಹಗಳ ರಾಶಿಯನ್ನು ನೋಡುತ್ತ ತಿರುಗುವುದರಿಂದ ಏನು ಪ್ರಯೋಜನ ಎಂಬುದು ಅದರ ಸಾರ. ಈ ವಾದ ಮೇಲುನೋಟಕ್ಕೆ ಸರಿಯೆನಿಸಿದರೂ ಆಳದಲ್ಲಿ ದುರ್ಬಲ. ಬಸವಣ್ಣನವರ ಮಾತು ಅಜ್ಞಾನಕ್ಕೆ ಅಪ್ಪಣೆಪತ್ರವಲ್ಲ. ತಾಳೆಯೋಲೆಗಳೂ ಸ್ಥಾವರ ವಸ್ತುಗಳೇ. ಫ. ಗು. ಹಳಕಟ್ಟಿಯವರು ಅವನ್ನು ಮನೆಮನೆಯಿಂದ ಹುಡುಕಿ ತರದೆ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸದೆ ಹೋಗಿದ್ದರೆ, ಸ್ಥಾವರ ಜಂಗಮಗಳ ಭೇದವನ್ನು ಹೇಳುವ ಮಾತುಗಳೇ ಎಷ್ಟು ಜನರಿಗೆ ತಲಪುತ್ತಿದ್ದವು? ಕಾಪಿಟ್ಟ ವಸ್ತುವಿನಿಂದ ಚಲಿಸುವ ಅರಿವು ಹುಟ್ಟಬಲ್ಲದು. ಹುಟ್ಟಿಸುವ ಹೊಣೆ ಮಾತ್ರ ನೋಡುವವನದು.

ಈ ಹೊಣೆಯ ಸ್ವರೂಪವನ್ನು ಹರಿಹರನ ‘ಪ್ರಭುದೇವರ ರಗಳೆ’ಯ ಒಂದು ಪ್ರಸಂಗ ಬೆಳಗುತ್ತದೆ. ಕಾಮಲತೆಯನ್ನು ಕಳೆದುಕೊಂಡ ದುಃಖದಲ್ಲಿ ಅಲ್ಲಮನು ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನ ಕಳಸವೊಂದು ಕಾಣಿಸುತ್ತದೆ. ಅಗೆಸಿದಾಗ ನೆಲದಡಿಯ ದೇಗುಲ ಹೊರಬೀಳುತ್ತದೆ. ಬಾಗಿಲು ತೆರೆದು ಒಳಹೊಕ್ಕರೆ ಅಂಗೈಯ ಲಿಂಗದಲ್ಲಿ ಕಣ್ಣು ನಟ್ಟು ಕುಳಿತ ಅನಿಮಿಷಯ್ಯನಿದ್ದಾನೆ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಬಯಲಾಗುತ್ತದೆ, ಅಲ್ಲಮ ಪ್ರಭುವಾಗುತ್ತಾನೆ.

ಈ ಪ್ರಸಂಗವನ್ನು ಗುರುಕರುಣೆಯ ಕಥೆಯೆಂದು ವ್ಯಾಖ್ಯಾನಿಸುವುದು ರೂಢಿ, ಅದು ಯುಕ್ತವೂ ಹೌದು. ಆದರೆ ಕನ್ನಡ ಸಾಹಿತ್ಯದಲ್ಲಿ ಉತ್ಖನನವನ್ನು ಚಿತ್ರಿಸುವ ಅತ್ಯಂತ ಸಮರ್ಥವಾದ ಭಾಗವೂ ಇದೇ ಎಂಬುದರ ಕಡೆ ಸಾಕಷ್ಟು ಗಮನ ಹರಿದಿಲ್ಲ. ನೆಲದಿಂದ ಹೊರಬಂದದ್ದು ಬೆಲೆಬಾಳುವ ಕಳಸ, ಹಳೆಯ ಗುಡಿ, ಹಿಂದಿನ ಕಾಲದ ಮೂರ್ತಿಯಂತೆ ಕುಳಿತ ಒಬ್ಬ ಮನುಷ್ಯ. ವಸ್ತುಸಂಗ್ರಹಾಲಯಕ್ಕೆ ಬೇಕಾದದ್ದೆಲ್ಲ ಅಲ್ಲಿದೆ. ಅಲ್ಲಮ ಕಳಸವನ್ನು ತೂಗಿ ನೋಡಲಿಲ್ಲ. ಗುಡಿಯ ಕೆಲಸವನ್ನು ಹೊಗಳುತ್ತ ನಿಲ್ಲಲಿಲ್ಲ. ಅನಿಮಿಷನು ಏನನ್ನು ನೋಡುತ್ತಿದ್ದನೋ ಅದನ್ನು ತಾನೂ ನೋಡಿದ. ನೋಡುವ ವಸ್ತುವಿನ ಜೊತೆಗೆ ನೋಟವೇ ಕೈಯಿಂದ ಕೈಗೆ ಸಂದಿತು. ಹಳೆಯದನ್ನು ನೋಡುವುದೆಂದರೆ ಅದನ್ನು ಮಾಡಿದವರು, ಪೂಜಿಸಿದವರು, ಬಳಸಿದವರು ಅದರಲ್ಲಿ ಏನನ್ನು ಕಂಡಿದ್ದರೋ ಅದರ ಒಂದು ಅಂಶವನ್ನಾದರೂ ಪಡೆಯುವುದು. ಅಷ್ಟಾಗದಿದ್ದರೆ ಕಳಸ ಮಾತ್ರ ದಕ್ಕಿತು, ಗುಡಿಯ ಬಾಗಿಲು ಮುಚ್ಚಿಯೇ ಉಳಿಯಿತು.

ಇಷ್ಟಲಿಂಗೋಪಾಸನೆಯ ಅಭ್ಯಾಸವೂ ಈ ಮಾತನ್ನೇ ಹೇಳುತ್ತದೆ. ಅಲ್ಲಿ ವಸ್ತು ಒಂದೇ, ಅಂಗೈಯಗಲದ್ದು. ರೆಪ್ಪೆ ಮಿಡುಕದ ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಲು ದಿನದಿನವೂ ಕಲಿಯಬೇಕು. ವಸ್ತುಸಂಗ್ರಹಾಲಯದಲ್ಲಿ ವಸ್ತುಗಳು ಸಾವಿರ, ಹೊತ್ತು ಒಂದು ತಾಸು. ಬಸ್ಸು ಹೊರಡುವುದರೊಳಗೆ ಎಲ್ಲವನ್ನೂ ನೋಡಿ ಮುಗಿಸುವ ತವಕದಲ್ಲಿ ಕಣ್ಣು ಯಾವುದರ ಮೇಲೂ ನೆಲೆಗೊಳ್ಳುವುದಿಲ್ಲ. ಕರದಿಷ್ಟಲಿಂಗವನ್ನು ನೋಡಿ ಪಳಗಿದ ಕಣ್ಣು ನಗರದ ನೋಟಶಾಲೆಯಲ್ಲಿ ಬೇರೆ ರೀತಿಯಲ್ಲಿ ವರ್ತಿಸಬೇಕೆಂದು ನಿರೀಕ್ಷಿಸುವುದು ಅತಿಶಯವೇನೂ ಅಲ್ಲ. ಪೂಜೆಯಲ್ಲಿ ಕಲಿತ ಏಕಾಗ್ರತೆ ಪೂಜೆಯ ಹೊರಗೆ ಕೆಲಸಕ್ಕೆ ಬರದಿದ್ದರೆ ಅದನ್ನು ಕಲಿತಂತಾಯಿತೆ?

೬

ಮತ್ತೆ ಹೇಮಗುಡ್ಡಕ್ಕೆ ಬರೋಣ. ದುರ್ಗಾಪರಮೇಶ್ವರಿಯ ಸನ್ನಿಧಿಯಿಂದಲೂ ನವರಾತ್ರಿಯ ಆನೆಯ ಮೆರವಣಿಗೆಯಿಂದಲೂ ಸುತ್ತಣ ನಾಡಿಗೆ ಪರಿಚಿತವಾದ ಈ ಬೆಟ್ಟದ ಕೋಟೆಯನ್ನು ಜನರು ಕಂಪಿಲಿಯ ಅರಸು ಮನೆತನದೊಡನೆ ಕೂಡಿಸಿ ನೆನೆಯುತ್ತಾರೆ. ಸಮೀಪದಲ್ಲಿಯೇ ಕುಮ್ಮಟದುರ್ಗವಿದೆ. ೧೩೨೭ರ ಸುಮಾರಿಗೆ ದಿಲ್ಲಿಯ ಸೈನ್ಯಕ್ಕೆ ಕಂಪಿಲಿ ಬಿದ್ದ ಕಥೆಯನ್ನು ನಂಜುಂಡಕವಿಯೇ ಮೊದಲಾದವರ ಕುಮಾರರಾಮನ ಸಾಂಗತ್ಯಗಳೂ ಜನಪದರ ಹಾಡುಗಳೂ ಉಳಿಸಿಕೊಂಡಿವೆ. ಆ ಕಥೆಯಲ್ಲಿ ಗಂಡುಗಲಿಯ ತಲೆಯನ್ನು ಕಡಿದು ದಿಲ್ಲಿಗೆ ಒಯ್ಯುತ್ತಾರೆ. ಗೆದ್ದವರ ರಾಜಧಾನಿಗೆ ಅದೊಂದು ನೋಡುವ ವಸ್ತು. ಅತ್ತ ಕನ್ನಡನಾಡಿನ ಹಲವು ಊರುಗಳ ಜನ ಮರದಲ್ಲಿ ಕುಮಾರರಾಮನ ತಲೆಯನ್ನು ಕಡೆದು ಗುಡಿಯಲ್ಲಿಟ್ಟು ಪೂಜಿಸಿದರು. ಒಂದೇ ತಲೆ: ಒಂದೆಡೆ ಪ್ರದರ್ಶನ, ಇನ್ನೊಂದೆಡೆ ಸ್ಮರಣೆ. ಮಹಾನಗರದ ನೋಟಕ್ಕೂ ಊರಿನ ನೋಟಕ್ಕೂ ಇರುವ ಅಂತರವನ್ನು ಜನಪದವು ತರ್ಕದ ಸಹಾಯವಿಲ್ಲದೆಯೇ ಗುರುತಿಸಿತ್ತು.

ಈ ಸೀಮೆಯಲ್ಲಿ ನೋಡುವುದಕ್ಕೇನು ಕೊರತೆಯಿಲ್ಲ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣ ಒಂದು ಕಾಲದ ಮಹಾನಗರ. ಅದೇ ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು ಕೆತ್ತಿದ ಬಂಡೆಯ ಮೇಲೆಯೇ ಇವೆ. ವಿದ್ವಾಂಸರ ಗಮನಕ್ಕೆ ಅವು ಬಂದದ್ದು ೧೯೩೧ರಲ್ಲಿ. ಬೌದ್ಧ ಅರಸನ ಬರಹ, ವೀರಶೈವ ಮಠದ ದಾಸೋಹ, ಜೈನ ತೀರ್ಥದ ನೆನಪು ಒಂದೇ ಊರಿನಲ್ಲಿ ಗಾಜಿನ ಪೆಟ್ಟಿಗೆಯಿಲ್ಲದೆ ಸೇರಿವೆ. ೧೧೧೨ರ ಇಟಗಿಯ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು ನಾಲ್ಕುನೂರು ಬೃಹತ್‌ಶಿಲಾ ಸಮಾಧಿಗಳಿವೆ; ೨೦೨೧ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಅಲ್ಲಿ ಬಂಡೆಯ ನೆತ್ತಿಯಲ್ಲಿ ನಗಾರಿಯಂಥ ಒಂದು ಕಲ್ಲಿದೆ. ಬಡಿದರೆ ದೂರದವರೆಗೆ ದನಿ ಕೇಳಿಸುತ್ತದೆ. ಹೈದರಾಬಾದಿನ ಗಡಿಯಾರದ ಗಂಟೆಗೆ ಕಿವಿಗೊಟ್ಟು ನಿಂತ ವಿದ್ಯಾರ್ಥಿ ತನ್ನ ತಾಲೂಕಿನ ಈ ಕಲ್ಲುನಗಾರಿಯನ್ನು ಒಮ್ಮೆಯೂ ಕೇಳದಿದ್ದರೆ, ಅವನ ಪ್ರವಾಸ ಅಪೂರ್ಣವೇ ಸರಿ.

ಹಾಗೆಂದು ಊರಿನದೇ ಶ್ರೇಷ್ಠ, ಪಟ್ಟಣದ್ದು ಕನಿಷ್ಠ ಎಂಬ ತೀರ್ಮಾನಕ್ಕೆ ಬರುವುದು ಇನ್ನೊಂದು ಬಗೆಯ ಕುರುಡು. ಇಟಗಿಯ ಕಂಬದ ತಿರುಗಣೆಯ ನಯವನ್ನು ಬೆರಳಿನಿಂದ ಮುಟ್ಟಿ ಬೆರಗಾದವನೇ ರೆಬೆಕ್ಕಾಳ ಮುಸುಕಿನ ಕೆಲಸವನ್ನು ಹೆಚ್ಚು ಚೆನ್ನಾಗಿ ಬಲ್ಲ. ಗವಿಮಠದ ಬಂಡೆಯ ಮುಂದೆ ನಿಂತವನಿಗೆ ಆತಕೂರಿನ ಕಲ್ಲಿಗೂ ಒಂದು ಬೆಟ್ಟ, ಒಂದು ಗುಡಿ, ಒಬ್ಬ ಗೊರವ ಇದ್ದಿರಬೇಕೆಂಬ ಎಣಿಕೆ ಸಹಜವಾಗಿ ಮೂಡುತ್ತದೆ. ಊರಿನ ನೋಟವು ಪಟ್ಟಣದ ನೋಟಕ್ಕೆ ಪೂರ್ವಸಿದ್ಧತೆ.

ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು ಇದನ್ನು ಆಚರಣೆಗೆ ತರಬಹುದು. ಎಲ್ಲ ಕೋಣೆಗಳನ್ನೂ ಸುತ್ತಿದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಹಿಡಿಸಿದ ಒಂದೇ ವಸ್ತುವಿನ ಬಳಿಗೆ ಮರಳಿ ಹೋಗಿ ಅರ್ಧ ತಾಸು ನಿಲ್ಲಲಿ. ಅದನ್ನು ಮಾಡಿದ ಕೈ ಯಾವುದು, ಕೊಂಡ ಹಣ ಎಲ್ಲಿಯದು, ಅದು ಮೊದಲು ನಿಂತಿದ್ದ ನೆಲ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ ಬರೆಯಲಿ. ಉತ್ತರ ಸಿಗದಿದ್ದಲ್ಲಿ ಪ್ರಶ್ನೆಯನ್ನಾದರೂ ಊರಿಗೆ ಹೊತ್ತು ತರಲಿ. ಅಂಥ ಹತ್ತು ಬರಹಗಳು ವಾರ್ಷಿಕ ಸಂಚಿಕೆಯಲ್ಲಿ ಬಂದರೆ, ಕನ್ನಡ ಪ್ರವಾಸಸಾಹಿತ್ಯಕ್ಕೆ ಪಟ್ಟಿಯಿಂದ ಬಿಡುಗಡೆ ದೊರೆಯುವ ದಾರಿ ತೆರೆದೀತು.